ತೋಟದ ಮನೆ ಅಂಗಳದಿಂದ ಗೆಲಾಕ್ಸಿ ಗುಂಪುಗಳ ಫೋಟೊ: ಅನುಭವ ಇದ್ದವರು ಹೇಳಿ

ಹೊಸನಗರದಿಂದ ಪ್ರಶ್ನೆ: ಕ್ಯಾಮೆರಾ, 200 ಎಂಎಂ ಲೆನ್ಸ್, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಚಿಕ್ಕ ಟ್ರ್ಯಾಕರ್ ಇದೆ. ಒಂದೇ ಫ್ರೇಮಿನಲ್ಲಿ ಎರಡು-ಮೂರು ಗೆಲಾಕ್ಸಿ ಹಿಡಿಯುವ ಆಸೆ. ಸುತ್ತ ಅಡಿಕೆ ಮರ, ಕಾಣುವುದು ನೆತ್ತಿ ಮೇಲಿನ ಆಕಾಶ ಮಾತ್ರ. ಕೊಡಚಾದ್ರಿ ಕಡೆ ಹೋಗಲೇಬೇಕಾ?

ತೀರ್ಥಹಳ್ಳಿಯಿಂದ: ಬೇಡವೇ ಬೇಡ ಮಾರಾಯ್ರೆ, ಆ ನೆತ್ತಿಯೇ ನಿಮ್ಮ ಭಾಗ್ಯ. ನಮ್ಮ ಅಕ್ಷಾಂಶ ಹೆಚ್ಚುಕಮ್ಮಿ 14 ಡಿಗ್ರಿ. ಸಿಂಹ ರಾಶಿಯ ತ್ರಿವಳಿ (ಮೂರು ಗೆಲಾಕ್ಸಿ, ಪಟ್ಟಿಯಲ್ಲಿನ ಹೆಸರು ಎಂ 65, ಎಂ 66, ಎನ್‌ಜಿಸಿ 3628) ಇರುವುದು ಆಕಾಶದ ಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ. ಎರಡೂ ಹತ್ತಿರ ಹತ್ತಿರ ಒಂದೇ, ಹಾಗಾಗಿ ಮಾರ್ಚ್ ನಡುರಾತ್ರಿ ಅಂಗಳದ ಮೇಲೇ ಹಾದುಹೋಗುತ್ತದೆ. ಕನ್ಯಾ ರಾಶಿಯ ಮಾರ್ಕೇರಿಯನ್ ಸರಪಳಿಯೂ (ಸಾಲುಗಟ್ಟಿದ ಗೆಲಾಕ್ಸಿಗಳು) ಅಷ್ಟೇ ಎತ್ತರದಲ್ಲಿ, ಇನ್ನೊಂದು ಗಂಟೆ ಬಿಟ್ಟು. ನಿಮ್ಮ ಲೆನ್ಸಿಗೆ ಅದೇ ಸರಿ. ತ್ರಿವಳಿ ಅರ್ಧ ಡಿಗ್ರಿಯಷ್ಟೇ, 200 ಎಂಎಂನಲ್ಲಿ ಪುಟ್ಟದಾಗಿ ಬರುತ್ತದೆ; ಸರಪಳಿ ಒಂದೂವರೆ ಡಿಗ್ರಿ ಉದ್ದ, ಎಂ 84, ಎಂ 86ರಿಂದ ಶುರುವಾಗಿ ಫ್ರೇಮಿನಲ್ಲಿ ಬಾಗಿ ನಿಲ್ಲುತ್ತದೆ. ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಬೆಳಕು ಅದು! ಒಂದೊಂದು ನಿಮಿಷದ ಫ್ರೇಮ್ ತೆಗೆದು, ಎರಡು ಗಂಟೆಯಷ್ಟಾದರೂ ಸ್ಟ್ಯಾಕ್ ಮಾಡಿ (ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಿ).

ಎಲ್ಲರೂ ಮೊದಲು ಎಂ 81, ಎಂ 82 ಜೋಡಿ ಹೇಳುತ್ತಾರೆ. ಚೆಂದದ ಜೋಡಿಯೇ, ಆದರೆ ತೀರಾ ಉತ್ತರದಲ್ಲಿರುವುದರಿಂದ ನಮ್ಮಲ್ಲಿ 35 ಡಿಗ್ರಿ ಮೇಲೆ ಏರುವುದಿಲ್ಲ. ಬೇಸಿಗೆಯ ಹೊಗೆ, ಮಂಜು ಎಲ್ಲ ಆ ಎತ್ತರದಲ್ಲೇ.

ಸಾಗರದಿಂದ: ಮೇಲಿನದೆಲ್ಲ ಸರಿ, ತೊಡಕು ಬೇರೆ ಕಡೆ ಇದೆ. ಟ್ರ್ಯಾಕರನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕಲ್ಲ, ಅದು ನಮಗೆ 14 ಡಿಗ್ರಿ ಎತ್ತರದಲ್ಲಿ, ಮರಗಳ ಹಿಂದೆ. ನಾನು ಮೊದಲು ದಿಕ್ಸೂಚಿಯಿಂದ ಉತ್ತರ ಹಿಡಿಯುತ್ತೇನೆ. ಆಮೇಲೆ ದಕ್ಷಿಣದ ನೆತ್ತಿ ಹತ್ತಿರದ ನಕ್ಷತ್ರ ಒಂದನ್ನು ದೊಡ್ಡದು ಮಾಡಿ ನೋಡುತ್ತಾ, ಅದು ಉತ್ತರ-ದಕ್ಷಿಣಕ್ಕೆ ಜಾರುವುದು ನಿಲ್ಲುವ ತನಕ ಟ್ರ್ಯಾಕರನ್ನು ಪೂರ್ವ-ಪಶ್ಚಿಮಕ್ಕೆ ಸರಿಸುತ್ತೇನೆ. ಅರ್ಧ ಗಂಟೆ ಹಿಡಿಯುತ್ತದೆ, ತಾಳ್ಮೆ ಬೇಕು. ಎತ್ತರಕ್ಕೂ ಅದೇ ಕ್ರಮ, ಆದರೆ ಪೂರ್ವದ ನಕ್ಷತ್ರ ನೋಡಬೇಕು.

ಕೊಪ್ಪದಿಂದ: ಲೆನ್ಸಿಗೆ ಬಿಸಿ ಪಟ್ಟಿ ಸುತ್ತಿ. ಜನವರಿ-ಫೆಬ್ರವರಿಯಲ್ಲಿ ಹನ್ನೊಂದು ಗಂಟೆಗೇ ಗಾಜು ಒದ್ದೆ.

ಶಿವಮೊಗ್ಗದಿಂದ: ಕ್ಯಾಮೆರಾ ಇಲ್ಲದವರೂ ಬನ್ನಿ ಅಂತ ಹೇಳಬೇಕು. ನನ್ನದು 8 ಇಂಚಿನ ಡಾಬ್ಸೋನಿಯನ್ ದೂರದರ್ಶಕ. ಸಿಂಹ ರಾಶಿಯ ಹುಬ್ಬೆ ನಕ್ಷತ್ರದ ಎರಡು ಚುಕ್ಕಿಗಳಲ್ಲಿ ದಕ್ಷಿಣದ್ದನ್ನು ಹಿಡಿದು, ಅಲ್ಲಿಂದ ಮೂರು ಡಿಗ್ರಿಯೊಳಗೆ ಆಗ್ನೇಯಕ್ಕೆ ಬನ್ನಿ. ಊರ ಬೆಳಕು ದಾಟಿದ ಜಾಗದಲ್ಲಿ ಎಂ 65, ಎಂ 66 ಎರಡು ಮಸುಕು ಕಲೆಯಾಗಿ ಒಟ್ಟಿಗೇ ಸಿಗುತ್ತವೆ. ಮೂರನೆಯದಕ್ಕೆ ನೇರ ನೋಡಬೇಡಿ, ಓರೆಗಣ್ಣಿನಲ್ಲಿ ನೋಡಿ, ತೆಳ್ಳನೆ ಗೆರೆಯಾಗಿ ಮೂಡುತ್ತದೆ.