ಆಲೆಮನೆಗೆ ಕ್ಯಾಮೆರಾ ಹಾಕಿಸಿದ ಮೇಲೆ ಇಡೀ ಮನೆಯ ನೆಟ್‌ವರ್ಕ್ ನಿಲ್ಲುತ್ತಿದೆ

ಕಬ್ಬಿನಗದ್ದೆ (ಮಂಡ್ಯ): ರೂಟರ್ ಆರಿಸಿ ಹಾಕಿದರೆ ಸ್ವಲ್ಪ ಹೊತ್ತು ಸರಿ. ಆಮೇಲೆ ವೈಫೈ, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಇಂಟರ್ನೆಟ್‌ನವರು ಬಂದು ತಮ್ಮ ಲೈನ್ ಸರಿಯಿದೆ ಎಂದು ಹೇಳಿ ಹೋದರು. ರೂಟರ್ ಬದಲಿಸಿದೆ, ಫಲವಿಲ್ಲ. ಕಬ್ಬು ಅರೆಯುವ ಕಾಲ, ಗಾಣದ ಬಳಿ ಯಾರು ಬಂದರು ಹೋದರು ಎಂದು ನೋಡಲೇಬೇಕು. ಸಾಕಾಗಿಹೋಗಿದೆ, ಯಾರಾದರೂ ದಾರಿ ಹೇಳಿ.

ತಾಮ್ರತಂತಿ: ಮನೆಯಿಂದ ಆಲೆಮನೆಗೆ ಎಷ್ಟು ಮೀಟರ್? ಈಥರ್ನೆಟ್‌ನ (ತಂತಿಯ ನೆಟ್‌ವರ್ಕ್) ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ಅಗ್ಗದ ಕೇಬಲ್ ಆದರೆ ಒಳಗಿರುವುದು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬದಲಿಸಿ.

ಕಬ್ಬಿನಗದ್ದೆ: ಕೇಬಲ್ ಹೊಸದು ಸ್ವಾಮಿ. ನಿಂತಾಗ ಲ್ಯಾಪ್‌ಟಾಪ್‌ನಲ್ಲಿ 169.254 ಎಂದು ಶುರುವಾಗುವ ವಿಳಾಸ ಕಾಣುತ್ತದೆ.

ಎರಡನೇಪದರ: ಹಾಗಾದರೆ ಡಿಎಚ್‌ಸಿಪಿ (ರೂಟರ್ ಪ್ರತಿ ಸಾಧನಕ್ಕೂ ವಿಳಾಸ ಹಂಚುವ ವ್ಯವಸ್ಥೆ) ಉತ್ತರ ಬರುತ್ತಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಕೆಳಗಿನ ಪದರದಿಂದ, ಅಂದರೆ ಕೇಬಲ್ ಮತ್ತು ನೆಟ್‌ವರ್ಕ್ ಸ್ವಿಚ್‌ನಿಂದ (ಹಲವು ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ), ನೋಡುತ್ತಾ ಬನ್ನಿ. ಸ್ವಿಚ್‌ನಲ್ಲಿ ದೀಪ ಹತ್ತಿದೆಯೇ? ಬಿಡಿಬಿಡಿಯಾಗಿ ಮಿನುಗುತ್ತವೆಯೋ, ಎಲ್ಲವೂ ಒಟ್ಟಿಗೋ?

ತಾಮ್ರತಂತಿ: ಕೇಬಲ್ ಅಳೆಯದೆ ಪದರದ ಮಾತೇಕೆ?

ಕಬ್ಬಿನಗದ್ದೆ: ಎರಡೂ ಸ್ವಿಚ್‌ಗಳಲ್ಲಿ ಎಲ್ಲ ದೀಪಗಳೂ ಹುಚ್ಚು ಹಿಡಿದಂತೆ ಒಟ್ಟಿಗೇ ಮಿನುಗುತ್ತವೆ.

ಎರಡನೇಪದರ: ಎರಡನೇ ಸ್ವಿಚ್ ಇರುವುದನ್ನು ಈಗ ಹೇಳುತ್ತಿದ್ದೀರಿ! ಅವುಗಳ ನಡುವೆ ಎಷ್ಟು ಕೇಬಲ್?

ಕಬ್ಬಿನಗದ್ದೆ: ಎರಡು. ಒಂದನ್ನು ಹೆಗ್ಗಣ ಕಡಿದರೆ ಇನ್ನೊಂದಿರಲಿ ಎಂದು ಎಲೆಕ್ಟ್ರಿಷಿಯನ್ ಎರಡನ್ನೂ ಚುಚ್ಚಿ ಹೋಗಿದ್ದಾನೆ.

ಎರಡನೇಪದರ: ಅದೇ ಲೂಪ್. ವಿಳಾಸ ಕೇಳುವ ಬ್ರಾಡ್‌ಕಾಸ್ಟ್ ಫ್ರೇಮ್ (ಎಲ್ಲ ಸಾಧನಗಳಿಗೂ ಕಳಿಸುವ ಮಾಹಿತಿಯ ತುಣುಕು) ಒಂದು ಕೇಬಲ್‌ನಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ, ಸುತ್ತುತ್ತಲೇ ಇರುತ್ತದೆ. ಫ್ರೇಮ್‌ನ ಒಳಗೆ ಸಾಗುವ ಐಪಿ ಪ್ಯಾಕೆಟ್‌ಗೆ ಟಿಟಿಎಲ್ ಎಂಬ ಆಯುಸ್ಸಿದೆ, ರೂಟರ್ ದಾಟಿದಂತೆಲ್ಲ ಕಳೆಯುತ್ತದೆ. ಈಥರ್ನೆಟ್ ಫ್ರೇಮ್‌ಗೆ ಅದಿಲ್ಲ, ಹಾಗಾಗಿ ಸುತ್ತುವ ಫ್ರೇಮ್‌ಗಳೇ ತುಂಬಿ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಇಂಥ ಲೂಪ್ ತಡೆಯಲೆಂದೇ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ರೂಪಿಸಿದರು, ಅದು ಹೆಚ್ಚಿನ ಕೊಂಡಿಯನ್ನು ತಾನೇ ಮುಚ್ಚಿಡುತ್ತದೆ. ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ (ಚುಚ್ಚಿದರೆ ಸಾಕು, ಹೊಂದಿಸಲು ಏನೂ ಇಲ್ಲದವು) ಅದು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕೇಬಲ್ ಕಿತ್ತು ಸುತ್ತಿಡಿ. ಹೆಗ್ಗಣ ಕಡಿದ ದಿನ ಚುಚ್ಚಿಕೊಳ್ಳಿ.

ರಿಂಗ್‌ರೋಡ್ (ಮೈಸೂರು): ಎರಡು ದಾರಿ ಇಡುವುದೇ ತಪ್ಪು ಎನ್ನಬೇಡಿ. ವಿಜಯನಗರದ ನಮ್ಮ ಮನೆಯಲ್ಲಿ ಮೂರು ಮ್ಯಾನೇಜ್ಡ್ (ನಾವೇ ಹೊಂದಿಸಬಹುದಾದ) ಸ್ವಿಚ್‌ಗಳನ್ನು ಉಂಗುರವಾಗಿ ಜೋಡಿಸಿದ್ದೇನೆ. ಮಹಡಿಗೆ ಫೈಬರ್, ಹತ್ತು ಗಿಗಾಬಿಟ್ ವೇಗ, ಗೋಡೆಗೆ ರ‍್ಯಾಕ್, ಅದಕ್ಕೆ ಬೇರೆಯೇ ಯುಪಿಎಸ್. ಚಿತ್ರ ಬೇಕಿದ್ದರೆ ಹಾಕುತ್ತೇನೆ.

ಎರಡನೇಪದರ: ನಿಮ್ಮಲ್ಲಿ ಸ್ಪ್ಯಾನಿಂಗ್ ಟ್ರೀ ಒಂದು ಕೊಂಡಿಯನ್ನು ಮುಚ್ಚಿಟ್ಟಿದೆ. ತಂತಿ ಮಾತ್ರ ಉಂಗುರ, ಫ್ರೇಮ್‌ಗಳ ಓಡಾಟ ಮರದ ಆಕಾರದಲ್ಲೇ.

ರಿಂಗ್‌ರೋಡ್: ಇನ್ನೊಂದು ಕೊಂಡಿ ತುಂಡಾದರೆ ಅದು ತಾನೇ ತೆರೆದುಕೊಳ್ಳುತ್ತದಲ್ಲ. ನನ್ನ ಲೆಕ್ಕದಲ್ಲಿ ಉಂಗುರವೇ.

ಕಬ್ಬಿನಗದ್ದೆ: ಕೇಬಲ್ ಕಿತ್ತೆ. ಬೆಳಗಿನಿಂದ ಎಲ್ಲವೂ ನಡೆಯುತ್ತಿದೆ, ನಿಮಗೆ ಪುಣ್ಯ ಬರಲಿ. ಆದರೆ ಗಾಣದ ಮೇಲಿನ ಕ್ಯಾಮೆರಾ ಮಾತ್ರ ಕತ್ತಲಾದ ಕೂಡಲೇ ಆರಿ ಆರಿ ಹತ್ತುತ್ತದೆ. ಅದಕ್ಕೆ ಮನೆಯ ಸ್ವಿಚ್‌ನಿಂದಲೇ ನೇರ ಕೇಬಲ್ ಎಳೆದಿದ್ದಾರೆ, ವಿದ್ಯುತ್ತೂ ಅದರಲ್ಲೇ.

ತಾಮ್ರತಂತಿ: ಈಗ ಕೇಬಲ್‌ನ ಮಾತಿಗೆ ಬನ್ನಿ. ಕತ್ತಲಾದಾಗ ಇನ್‌ಫ್ರಾರೆಡ್ ದೀಪ ಹತ್ತಿ ಕ್ಯಾಮೆರಾ ಹೆಚ್ಚು ವಿದ್ಯುತ್ ಎಳೆಯುತ್ತದೆ. ಉದ್ದನೆಯ ಅಲ್ಯೂಮಿನಿಯಂ ತಂತಿಯಲ್ಲಿ ವೋಲ್ಟೇಜ್ ಕುಸಿದರೆ ಅದು ಆರಿ ಹತ್ತುವುದು ಸಹಜ. ಇನ್ನೂ ಅಳತೆ ಹೇಳಿಲ್ಲ ನೀವು. ಜತೆಗೆ ಒಂದು ತುದಿ ಬಿಚ್ಚಿ ತಂತಿಯನ್ನು ಬ್ಲೇಡ್‌ನಿಂದ ಕೆರೆಯಿರಿ. ಒಳಗೆ ಬೆಳ್ಳಿಬಣ್ಣ ಕಂಡರೆ ಇಲ್ಲಿ ತಿಳಿಸಿ.