ದಿ ವೀವರ್ಸ್: 13 ವಾರ ಮೊದಲ ಸ್ಥಾನದಲ್ಲಿದ್ದ ತಂಡ ಮೂರು ವರ್ಷಗಳಲ್ಲಿ ಮರೆಯಾದದ್ದೇಕೆ?

ಪ್ರಶ್ನೆ

ಅಮೆರಿಕದ ಜನಪದ ಗಾಯನ ತಂಡ ‘ದಿ ವೀವರ್ಸ್’ ಕುರಿತು ಬಲ್ಲವರಿಂದ ತಿಳಿಯಬಯಸುತ್ತೇನೆ. ಪೀಟ್ ಸೀಗರ್, ಲೀ ಹೇಸ್, ರಾನಿ ಗಿಲ್ಬರ್ಟ್ ಮತ್ತು ಫ್ರೆಡ್ ಹೆಲರ್ಮನ್ ಎಂಬ ನಾಲ್ವರು 1948ರಲ್ಲಿ ಕಟ್ಟಿದ ಈ ತಂಡದ ‘ಗುಡ್‌ನೈಟ್ ಐರೀನ್’ 1950ರಲ್ಲಿ ಬಿಲ್‌ಬೋರ್ಡ್ ಎಂಬ ಸಂಗೀತೋದ್ಯಮದ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ 13 ವಾರ ಮೊದಲ ಸ್ಥಾನದಲ್ಲಿತ್ತು. ಆದರೆ ಡೆಕ್ಕಾ ಎಂಬ ಧ್ವನಿಮುದ್ರಿಕೆ ಕಂಪನಿಯ ಆ ಮುದ್ರಣವನ್ನು ಕೇಳಿದರೆ ಮೊದಲು ಎದುರಾಗುವುದು ಪಿಟೀಲು. ಜನಪದ ಹಾಡಿನ ತಂತಿವಾದ್ಯವಾದ ಬ್ಯಾಂಜೊ ಹುಡುಕಿದರೂ ಸಿಗುವುದಿಲ್ಲ. ಜನ ಮೆಚ್ಚಿದ್ದು ಜನಪದ ಹಾಡನ್ನೋ, ವಾದ್ಯವೃಂದವನ್ನೋ? ಇಷ್ಟು ಬೇಗ ಏರಿದ ತಂಡ 1953ರ ಹೊತ್ತಿಗೆ ಕಾಣೆಯಾದದ್ದು ಹೇಗೆ? ಅವರನ್ನು ಯಾವ ಮುದ್ರಣದಿಂದ ಕೇಳಲು ತೊಡಗಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ 1

ತಮ್ಮ ಮೊದಲ ಸಂದೇಹಕ್ಕೆ ಉತ್ತರ ಗಾರ್ಡನ್ ಜೆಂಕಿನ್ಸ್ ಎಂಬ ಹೆಸರಿನಲ್ಲಿದೆ. 1949ರ ಕೊನೆಯಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಹಾಡಲು ಸೇರಿದ ಈ ನಾಲ್ವರು ಅಲ್ಲಿ ತಿಂಗಳುಗಟ್ಟಲೆ ಉಳಿದರು. ಡೆಕ್ಕಾದ ಸಂಗೀತ ಸಂಯೋಜಕರಾಗಿದ್ದ ಜೆಂಕಿನ್ಸ್ ಅಲ್ಲಿಯೇ ಅವರನ್ನು ಕೇಳಿ ಮೆಚ್ಚಿ, ಕಂಪನಿಗೆ ಕರೆತಂದರು. ಅವರಿಗೆ ತಂಡದ ಮೇಲೆ ಇದ್ದ ಅಭಿಮಾನ ನಿಜವಾದದ್ದೇ. ಆದರೆ ಮಾರುಕಟ್ಟೆಗೆ ಬ್ಯಾಂಜೊ ಒಂದೇ ಸಾಲದು ಎಂಬ ಲೆಕ್ಕಾಚಾರವೂ ಇತ್ತು. ಕಂಸಾಳೆಯವರ ಪದಕ್ಕೆ ಸಿನಿಮಾ ವಾದ್ಯವೃಂದವನ್ನು ಜೋಡಿಸಿದರೆ ಏನಾಗಬಹುದೋ ಇಲ್ಲಿಯೂ ಹೆಚ್ಚುಕಡಿಮೆ ಅದೇ ಆಯಿತು. ಹಾಡು ಮನೆಮನೆಯನ್ನು ತಲುಪಿತು, ಅದರ ಒರಟುತನ ಹೊರಗುಳಿಯಿತು.

ಅದು ಅಕ್ಷರಶಃ ಹೊರಗುಳಿಯಿತು. ಈ ಹಾಡನ್ನು ಲೆಡ್‌ಬೆಲಿ ಎಂದು ಹೆಸರಾದ ಕಪ್ಪು ಗಾಯಕ ಹಡ್ಡಿ ಲೆಡ್‌ಬೆಟರ್ ಹಾಡುತ್ತಿದ್ದರು; ಜನಪದ ಹಾಡುಗಳ ಸಂಗ್ರಾಹಕರಾದ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್, 1933ರಲ್ಲಿ ಲೂಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ ಅವರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ಐರೀನ್ ಕೈಬಿಟ್ಟರೆ ಮಾರ್ಫಿನ್ ಸೇವಿಸಿ ಸಾಯುತ್ತೇನೆ ಎಂಬ ಲೆಡ್‌ಬೆಲಿಯ ಸೊಲ್ಲು ಡೆಕ್ಕಾ ಮುದ್ರಣದಲ್ಲಿ ಇಲ್ಲ. ನದಿಗೆ ಹಾರಿ ಮುಳುಗುವ ಸೊಲ್ಲು ಮಾತ್ರ ಉಳಿದಿದೆ, ಬಹುಶಃ ಮುಳುಗುವುದು ರೇಡಿಯೊಗೆ ಅಷ್ಟು ಮುಜುಗರದ ಸಾವಲ್ಲವೆಂದು. ಲೆಡ್‌ಬೆಲಿ 1949ರ ಡಿಸೆಂಬರ್ 6ರಂದು ತೀರಿಕೊಂಡರು. ತಮ್ಮ ಹಾಡು ಪಟ್ಟಿಯ ತುದಿಗೇರಿದ್ದನ್ನು ಅವರು ಕಾಣಲಿಲ್ಲ.

ಇನ್ನೊಂದು ಸಂಗತಿಯೆಂದರೆ, ಆ ಗ್ರಾಮಫೋನ್ ತಟ್ಟೆಯ ಮುಖ್ಯ ಬದಿಯಲ್ಲಿದ್ದದ್ದು ಐರೀನ್ ಅಲ್ಲ, ‘ಟ್ಸೇನಾ ಟ್ಸೇನಾ’ ಎಂಬ ಹೀಬ್ರೂ ಮೂಲದ ಹಾಡು. ಅದು ಎರಡನೆಯ ಸ್ಥಾನದವರೆಗೆ ಏರಿತು, ಹಿಂಬದಿಯ ಹಾಡು ಅದನ್ನೂ ಹಿಂದಿಕ್ಕಿತು. ಅದೇ ವರ್ಷ ಫ್ರಾಂಕ್ ಸಿನಾತ್ರಾ ಕೂಡ ಐರೀನ್ ಹಾಡಿದರೆಂದರೆ ಅದರ ಹವಾ ಎಷ್ಟಿತ್ತೆಂದು ಊಹಿಸಬಹುದು.

ಪ್ರತಿಕ್ರಿಯೆ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ, ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಆ ಕಾಲದಲ್ಲಿ ಬಿಲ್‌ಬೋರ್ಡ್ ಒಂದೇ ಪಟ್ಟಿಯನ್ನು ಪ್ರಕಟಿಸುತ್ತಿರಲಿಲ್ಲ. ಅಂಗಡಿಗಳ ಮಾರಾಟಕ್ಕೆ ಒಂದು, ರೇಡಿಯೊದಲ್ಲಿ ಹಾಕಿದ ಹಾಡುಗಳಿಗೆ ಒಂದು, ನಾಣ್ಯ ಹಾಕಿದರೆ ಹಾಡು ನುಡಿಸುವ ಜೂಕ್‌ಬಾಕ್ಸ್ ಯಂತ್ರಕ್ಕೆ ಒಂದು ಎಂದು ಬೇರೆಬೇರೆ ಪಟ್ಟಿಗಳಿದ್ದವು. ಅಂದರೆ ಒಂದು ಹಾಡು ಮೇಲೇರಬೇಕಾದರೆ ಕೇಳುಗನಿಗಿಂತ ಮೊದಲು ನಿಲಯದವನೂ ಅಂಗಡಿಯವನೂ ಜೂಕ್‌ಬಾಕ್ಸ್ ಇಟ್ಟವನೂ ಅದಕ್ಕೆ ಬಾಗಿಲು ತೆರೆಯಬೇಕಿತ್ತು. ವೀವರ್ಸ್ ವಿಷಯದಲ್ಲಿ ಮುಚ್ಚಿದ್ದು ಈ ಬಾಗಿಲುಗಳೇ.

ಕಮ್ಯುನಿಸ್ಟರೆಂಬ ಶಂಕೆಗೊಳಗಾದ ಕಲಾವಿದರಿಗೆ ಅಮೆರಿಕದಲ್ಲಿ ಕೆಲಸ ತಪ್ಪುತ್ತಿದ್ದ ಕಾಲವದು. 1950ರಲ್ಲಿಯೇ ‘ರೆಡ್ ಚಾನೆಲ್ಸ್’ ಎಂಬ ಕಿರುಹೊತ್ತಗೆ ಸೀಗರ್ ಅವರನ್ನು ಎಡಪಂಥೀಯರ ಸಾಲಿನಲ್ಲಿ ಹೆಸರಿಸಿತ್ತು. 1952ರ ಫೆಬ್ರುವರಿಯಲ್ಲಿ ಹಾರ್ವಿ ಮ್ಯಾಟುಸೋ ಎಂಬ ಮಾಹಿತಿದಾರ ತಂಡದ ಸದಸ್ಯರು ಕಮ್ಯುನಿಸ್ಟರೆಂದು ಸಾಕ್ಷ್ಯ ನುಡಿದ. ಮುಂದೆ ತನ್ನ ಸಾಕ್ಷ್ಯಗಳು ಸುಳ್ಳೆಂದು ಅವನೇ ಒಪ್ಪಿಕೊಂಡು, ಸುಳ್ಳುಸಾಕ್ಷ್ಯದ ಅಪರಾಧಕ್ಕೆ ಸೆರೆವಾಸವನ್ನೂ ಅನುಭವಿಸಿದನಾದರೂ, ಅಷ್ಟರಲ್ಲಿ ಕ್ಲಬ್ಬುಗಳು ಕಾರ್ಯಕ್ರಮಗಳನ್ನು ರದ್ದುಪಡಿಸಿದ್ದವು, ರೇಡಿಯೊ ಮೌನವಾಗಿತ್ತು, 1953ರಲ್ಲಿ ಡೆಕ್ಕಾ ಕೂಡ ಒಪ್ಪಂದವನ್ನು ಕೈಬಿಟ್ಟಿತ್ತು. ಆದ್ದರಿಂದ ಜನರ ಅಭಿರುಚಿ ಬದಲಾಯಿತು ಎನ್ನುವ ವಿವರಣೆಯನ್ನು ನಾನು ಒಪ್ಪಲಾರೆ. ಜನರಿಗೆ ಕೇಳುವ ಅವಕಾಶವೇ ಇರಲಿಲ್ಲ.

ಇದಕ್ಕೆ ಪುರಾವೆಯೂ ಇದೆ. ತಂಡದ ವ್ಯವಸ್ಥಾಪಕ ಹೆರಾಲ್ಡ್ ಲೆವೆಂತಾಲ್ 1955ರ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಹಿಂದಿನ ರಾತ್ರಿ, ಕಾರ್ನೆಗಿ ಹಾಲ್‌ನಲ್ಲಿ ನಾಲ್ವರನ್ನು ಮತ್ತೆ ಒಂದುಗೂಡಿಸಿದರು, ಸಭಾಂಗಣ ತುಂಬಿತು. ಆ ರಾತ್ರಿಯ ಧ್ವನಿಮುದ್ರಣವನ್ನು ವ್ಯಾನ್‌ಗಾರ್ಡ್ ಎಂಬ ಬೇರೊಂದು ಕಂಪನಿ 1957ರಲ್ಲಿ ಎಲ್‌ಪಿಯಾಗಿ (ಹಲವು ಹಾಡುಗಳ ದೀರ್ಘ ತಟ್ಟೆಯಾಗಿ) ಹೊರತಂದಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಡೆಕ್ಕಾ ಮುದ್ರಣಗಳನ್ನು ಬದಿಗಿಟ್ಟು ಕಾರ್ನೆಗಿ ಎಲ್‌ಪಿಯಿಂದಲೇ ತೊಡಗಬಹುದೇ?

ಪ್ರತಿಕ್ರಿಯೆ 3

ಬದಿಗಿಡುವುದು ಬೇಡ. ‘ಗುಡ್‌ನೈಟ್ ಐರೀನ್’ ಮತ್ತು ‘ವಿಮೊವೆ’ ಎರಡೂ ಡೆಕ್ಕಾದಲ್ಲಿಯೂ ಇವೆ, ಕಾರ್ನೆಗಿ ಎಲ್‌ಪಿಯಲ್ಲಿಯೂ ಇವೆ; ಒಂದೊಂದನ್ನು ಎರಡೂ ರೂಪದಲ್ಲಿ ಒಂದರ ಹಿಂದೊಂದು ಕೇಳಿರಿ. ಡೆಕ್ಕಾದ ‘ವಿಮೊವೆ’ಯಲ್ಲಿ ಸೀಗರ್ ಅವರ ಎತ್ತರದ ಕೂಗು ಹಿತ್ತಾಳೆ ವಾದ್ಯಗಳ ಅಬ್ಬರದೊಡನೆ ಸೆಣಸುತ್ತದೆ. ಕಾರ್ನೆಗಿಯಲ್ಲಿ ಹಿಮ್ಮೇಳದ ಮೂವರ ದನಿಯ ಮೇಲೆ ಅದೇ ಕೂಗು ನಿರಾಯಾಸವಾಗಿ ಏರಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಮೇಲು. ಆದರೂ ಜೆಂಕಿನ್ಸ್ ಅವರನ್ನು ಹಳಿಯುವುದು ಅಷ್ಟು ನ್ಯಾಯವಲ್ಲ, ಏಕೆಂದರೆ 1950ರ ಯಶಸ್ಸು ಇಲ್ಲದಿದ್ದರೆ 1955ರಲ್ಲಿ ಆ ಸಭಾಂಗಣವನ್ನು ತುಂಬಿಸುವಷ್ಟು ಜನ ಈ ತಂಡವನ್ನು ಬಲ್ಲವರಾಗಿರುತ್ತಿರಲಿಲ್ಲ.

ಪಟ್ಟಿಯ ಯಶಸ್ಸಿನ ಬಗ್ಗೆ ಮಾತನಾಡುವಾಗ ಹಣ ಯಾರಿಗೆ ಸಂದಿತು ಎಂಬುದನ್ನೂ ಕೇಳಬೇಕಾಗುತ್ತದೆ. ‘ವಿಮೊವೆ’ಯ ಮೂಲ ‘ಎಂಬುಬೆ’ ಎಂಬ, ದಕ್ಷಿಣ ಆಫ್ರಿಕಾದ ಜುಲು ಭಾಷೆಯ ಹಾಡು. ಅದನ್ನು ಸಾಲೊಮನ್ ಲಿಂಡಾ ತಮ್ಮ ತಂಡದೊಡನೆ 1939ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಮುದ್ರಿಸಿದ್ದರು. ವೀವರ್ಸ್ ಮುದ್ರಣದಲ್ಲಿ ಕರ್ತೃವಾಗಿ ಕಾಣಿಸುವುದು ‘ಪಾಲ್ ಕ್ಯಾಂಬೆಲ್’. ಅಂಥ ವ್ಯಕ್ತಿ ಇರಲಿಲ್ಲ, ಹಳೆಯ ಹಾಡುಗಳ ಹಕ್ಕನ್ನು ನೋಂದಾಯಿಸಲು ತಂಡ ಬಳಸುತ್ತಿದ್ದ ಅಂಕಿತ ಅದು. ಹಾಡು ಯಾರದೂ ಅಲ್ಲದ ಜನಪದವೆಂದು ಅವರು ಭಾವಿಸಿದ್ದರೆಂಬ ಸಮಜಾಯಿಷಿ ಇದೆ, ಆದರೆ ತಟ್ಟೆಯ ಮೇಲೆ ಹೆಸರಿದ್ದ ಗಾಯಕನೊಬ್ಬನಿರುವಾಗ ಅದು ಪೂರ್ತಿ ಒಪ್ಪುವಂಥದ್ದಲ್ಲ. ಲಿಂಡಾ 1962ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಅವರ ಹೆಣ್ಣುಮಕ್ಕಳ ಪರವಾಗಿ ಹೂಡಿದ ದಾವೆ ರಾಜಿಯಲ್ಲಿ ಮುಗಿದು ರಾಯಲ್ಟಿಯ ದಾರಿ ತೆರೆದುಕೊಂಡದ್ದು 2006ರಲ್ಲಿ. ಆದ್ದರಿಂದ ತಾವು ಕೇಳುವ ಮುದ್ರಣಗಳಿಗೆ ಲಿಂಡಾ ಅವರ 1939ರ ತಟ್ಟೆಯನ್ನೂ ಸೇರಿಸಿಕೊಳ್ಳಿರಿ, ಸಾಧ್ಯವಾದರೆ ಉಳಿದೆರಡಕ್ಕಿಂತ ಮೊದಲೇ.