ಯಲಬುರ್ಗಾ ಕಡೆ 100 ಮೆಗಾವಾಟ್ ವಿಂಡ್: ಮೊದಲು ಜಮೀನು ಹಿಡಿಯೋದಾ?

ಎರೆಹೊಲ:
ಎಂಟು ವರ್ಷ ಸೋಲಾರ್‌ನಲ್ಲಿದ್ದೆ. ಈಗ ಮೂವರು ಸೇರಿ ಯಲಬುರ್ಗಾ ಸುತ್ತ 100 ಮೆಗಾವಾಟ್ ವಿಂಡ್ ಮಾಡೋಣ ಅಂತ ಓಡಾಡ್ತಿದ್ದೀವಿ. ಪಕ್ಕದಲ್ಲೇ ಬೇರೆಯವರ ಫ್ಯಾನ್ ತಿರುಗ್ತಿವೆ, ಅಂದ್ಮೇಲೆ ಗಾಳಿ ಇದ್ದೇ ಇದೆ ಅಲ್ವಾ? ಜಮೀನಿನಿಂದ ಶುರು ಮಾಡಬಹುದಾ?

ಗಾಳಿಮಾಸ್ಟ್:
ಬೇಡ ಸರ್. ಚಿತ್ರದುರ್ಗದ ಗುಡ್ಡಗಳಲ್ಲಿ ಶುರು ಮಾಡಿ ಹದಿನೇಳು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ. ಮೊದಲು ಸಬ್‌ಸ್ಟೇಷನ್‌ಗೆ ಹೋಗಿ, ನಿಮ್ಮ ಕರೆಂಟ್ ತಗೊಳ್ಳೋಕೆ ಜಾಗ ಇದೆಯಾ, ಅಲ್ಲಿವರೆಗೆ ಲೈನ್ ಎಳೆಯೋಕಾಗುತ್ತಾ ನೋಡಿ. ಆಮೇಲೆ ಹೊಲಕ್ಕೆ.

ಒಂದು ಸೈಟಲ್ಲಿ ಆಷಾಢಕ್ಕೆ ಮುಂಚೆಯೇ ಹನ್ನೊಂದು ಫ್ಯಾನ್ ಕೂರಿಸಿ ಮುಗಿಸಿದ್ವಿ. ಸಬ್‌ಸ್ಟೇಷನ್‌ಗೆ ಹೋಗೋ ಲೈನಿನ ಒಂದೇ ಒಂದು ಟವರ್ ಬಾಕಿ. ಆ ಜಾಗ ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿತ್ತು, ಪಹಣಿಯಲ್ಲಿ ಇನ್ನೂ ಅವರ ತಾತನ ಹೆಸರು. ಗಾಳಿ ಎಂಥಾದ್ದು ಅಂದ್ರೆ ಹೆಲ್ಮೆಟ್ ಪಟ್ಟಿ ಕೆನ್ನೆಗೆ ಪಟಪಟ ಹೊಡೀತಿತ್ತು. ಕಂಟ್ರೋಲ್ ರೂಮಿನ ಮೀಟರ್ ಮಾತ್ರ ಸೊನ್ನೆ. ನಮ್ಮ ಕಡೆ ವರ್ಷದ ಕರೆಂಟಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರೋದು. ಆ ಸೀಸನ್ ಪೂರ್ತಿ ಹೋಯ್ತು, ಬಡ್ಡಿ ನಿಲ್ಲಲಿಲ್ಲ. ಇವತ್ತಿಗೂ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.

ಪಕ್ಕದವರ ಫ್ಯಾನ್ ನೋಡಿ ಲೆಕ್ಕ ಹಾಕಬೇಡಿ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ಸೆಕೆಂಡಿಗೆ 6 ಮೀಟರ್ ಇದ್ದದ್ದು 7 ಆದ್ರೆ ಶಕ್ತಿ ಸುಮಾರು 59% ಜಾಸ್ತಿ. ಅಳತೆಯಲ್ಲಿ ಸ್ವಲ್ಪ ತಪ್ಪಿದ್ರೂ ಇಡೀ ಪ್ರಾಜೆಕ್ಟ್ ಕೂತುಬಿಡುತ್ತೆ. ಮಾಸ್ಟ್, ಅಂದ್ರೆ ಗಾಳಿ ಅಳೆಯೋ ಕಂಬ ಹಾಕಿ ಒಂದು ವರ್ಷ ಪೂರ್ತಿ ಅಳೆಯಿರಿ. ಅವರ ಫ್ಯಾನ್ ಹಿಂದೆ ನಿಮ್ಮದು ಬಂದ್ರೆ ಕದಡಿದ ಗಾಳಿಯೇ ನಿಮಗೆ ಸಿಗೋದು. ಗಾಳಿ ಬರೋ ದಿಕ್ಕಿಗೆ ರೆಕ್ಕೆಚಕ್ರದ ವ್ಯಾಸದ ಐದರಿಂದ ಏಳು ಪಟ್ಟು ಅಂತರ ಬಿಡಬೇಕು.

ಎರೆಹೊಲ:
ಯೂನಿಟ್ ದರ ಇಷ್ಟು ಕಮ್ಮಿ ಇರೋದು ನೋಡಿದ್ರೆ ಭಯ ಆಗುತ್ತೆ ಸರ್.

ಗಾಳಿಮಾಸ್ಟ್:
2017ರ ಫೆಬ್ರವರಿಯಲ್ಲಿ ಸೆಕಿಯ (ಕೇಂದ್ರ ಸರ್ಕಾರದ ಸೋಲಾರ್ ನಿಗಮ) ಮೊದಲ ವಿಂಡ್ ಹರಾಜಲ್ಲಿ ದರ ಯೂನಿಟ್‌ಗೆ 3.46 ರೂಪಾಯಿಗೆ ಇಳೀತು, ಅದೇ ವರ್ಷ ಗುಜರಾತ್‌ನಲ್ಲಿ 2.43. ದರದಲ್ಲಿ ಲಾಭ ಹುಡುಕಬೇಡಿ. ಬ್ಯಾಂಕಿನವರು ಪಿ-90 ಕೇಳ್ತಾರೆ, ಅಂದ್ರೆ ಹತ್ತರಲ್ಲಿ ಒಂಬತ್ತು ವರ್ಷ ಇಷ್ಟಾದ್ರೂ ಬರುತ್ತೆ ಅನ್ನೋ ಉತ್ಪಾದನೆ. ಅದರ ಮೇಲೆ ಕಂತು ಕಟ್ಟೋಕಾಗುತ್ತಾ ನೋಡಿ. ಆಗದಿದ್ರೆ ಆ ಸೈಟ್ ಬಿಡಿ.

ಜೋಳದರಾಶಿ:
ನಮ್ಮ ಹೊಲದಾಗೂ ಒಂದು ಫ್ಯಾನ್ ಐತ್ರಿ. ಕ್ರೇನ್ ಬರಾಕ ಗರಸು ಹಾಕಿ ದಾರಿ ಏರಿಸಿದ್ರು, ಹೋಗೂಮುಂದ ಹಂಗ ಬಿಟ್ಟು ಹೋದ್ರು. ಎರಿ ನೆಲರೀ, ಆ ದಾರಿ ಒಡ್ಡಿನಂಗಾಗಿ ಮಳಿ ನೀರು ಹೊಲದಾಗ ನಿಂತು ಎರಡು ಎಕರೆ ಕಡ್ಲಿ ಕೊಳೀತು. ಲೀಸಿನ ರೊಕ್ಕ ಹೇಳಿದಂಗ ಕೊಟ್ರು, ನೀರಿನ ಮಾತು ಕಾಗದದಾಗ ಇರಲಿಲ್ಲ. ಈಗ ಊರಾಗ ಹೊಸಬರಿಗೆ ದಾರಿ ಬಿಡಾಕ ಯಾರೂ ತಯಾರಿಲ್ಲ.

ಗಾಳಿಮಾಸ್ಟ್:
ಯಜಮಾನ್ರು ಹೇಳಿದ್ದು ನೂರಕ್ಕೆ ನೂರು ನಿಜ. ಎರೆಹೊಲ ಅವರೇ, ದಾರಿ ಹಾಕುವಾಗಲೇ ನೀರು ಹರಿಯೋ ಕಡೆ ದಾರಿ ಕೆಳಗೆ ಸಿಮೆಂಟ್ ಪೈಪ್ ಇಡಿಸಿ. ಎಲ್ಲಿ ಇಡಬೇಕು ಅಂತ ಆ ಹೊಲದವರನ್ನೇ ಕರ್ಕೊಂಡು ಹೋಗಿ ಕೇಳಿ, ಅದನ್ನ ಒಪ್ಪಂದದಲ್ಲೂ ಬರೆಸಿ.